ಬೇರೆ ಲೋಟದ ಕಷಾಯ

ಈ ಸಲದ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಬಲ್ಮಠದ ಕಡೆಯಿಂದ ನಡೆದು ಬರುತ್ತಿದ್ದೆ. ಒಂದು ಸಭಾಭವನದ ಎದುರು ಜನ ಕೊಡೆ ಹಿಡಿದು ಸಾಲು ನಿಂತಿದ್ದರು. ಒಳಗಿನಿಂದ ಬೆಳ್ಳುಳ್ಳಿ, ಓಮ, ಕಾಳುಮೆಣಸಿನ ಜೊತೆ ಸೇರಿದ ಹಸಿ ಕಹಿಯ ವಾಸನೆ ಬಂತು. ಪಾಲೆ ಮರದ ತೊಗಟೆಯ ಕಷಾಯ. ನಮ್ಮ ಕಡೆ ಆ ದಿನ ಬೆಳಕು ಹರಿಯುವ ಮೊದಲೇ ಕಬ್ಬಿಣ ತಾಗಿಸದೆ ಕಲ್ಲಿನಿಂದಲೇ ಮರದ ತೊಗಟೆ ಜಜ್ಜಿ ತಂದು, ರಸ ತೆಗೆದು ಖಾಲಿ ಹೊಟ್ಟೆಗೆ ಕುಡಿಯುತ್ತಾರೆ. ಕುಡಿದರೆ ವರ್ಷವಿಡೀ ರೋಗ ಹತ್ತಿರ ಬರುವುದಿಲ್ಲ ಎಂದು ನಂಬಿಕೆ. ಈಗ ಪೇಟೆಯಲ್ಲಿ ಪಾಲೆ ಮರವೂ ಇಲ್ಲ, ನಸುಕಿಗೆ ಏಳುವವರೂ ಇಲ್ಲ. ಸಂಘದವರೇ ಹಂಚುತ್ತಾರೆ.

ಹಂಚುತ್ತಿದ್ದ ಹುಡುಗಿ, "ಅಜ್ಜ, ಇಲ್ಲೇ ಕುಡೀತೀರಾ, ಮನೆಗೆ ಬಾಟ್ಲಿಯಲ್ಲಿ ಬೇಕಾ?" ಎಂದು ಕೇಳಿದಳು.

"ಬಾಟ್ಲಿಯಲ್ಲಿ ಕೊಡು. ಮನೆಯಲ್ಲಿ ಇಬ್ಬರಿದ್ದೇವೆ" ಎಂದೆ.

ಬಾಟ್ಲಿ ಹಿಡಿದುಕೊಂಡು ಫಳ್ನೀರಿನ ಇಳಿಜಾರಿನಲ್ಲಿ ಇಳಿಯುವಾಗ ನನ್ನ ಎಡಗಾಲು ಎಂದಿನಂತೆ ಸ್ವಲ್ಪ ಎಳೆಯಿತು. ಈ ಕಾಲಿನ ಕತೆಯನ್ನು ನಾನು ತುಂಬ ಜನರಿಗೆ ಹೇಳಿದ್ದೇನೆ. ಹೇಗೆ ಬಿದ್ದೆ, ಹೇಗೆ ಎದ್ದೆ ಎಂದು ಹೇಳಿ ಭೇಷ್ ಅನ್ನಿಸಿಕೊಂಡಿದ್ದೇನೆ. ಅದರ ಅರ್ಧವನ್ನು ಮಾತ್ರ ಹೇಳಿದ್ದೆ. ಉಳಿದ ಅರ್ಧವನ್ನು ಈಗ ಬರೆಯುತ್ತಿದ್ದೇನೆ. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು, ತಪ್ಪಿದ್ದರೆ ತಿದ್ದಿಕೊಳ್ಳಿ. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಆ ಮಾತುಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಸಿಟಿ ಬಸ್ಸಿನ ಡ್ರೈವರ್. ಹಂಪನಕಟ್ಟೆಯಿಂದ ಹೊರಟು, ಊರು ಸುತ್ತಿ ಮತ್ತೆ ಹಂಪನಕಟ್ಟೆಗೆ. ಹಿಂದಿನ ಬಸ್ಸು ನಮ್ಮ ಜನರನ್ನು ಎತ್ತಿಕೊಳ್ಳದ ಹಾಗೆ, ಮುಂದಿನ ಬಸ್ಸಿನ ಜನ ನಮಗೆ ಸಿಗುವ ಹಾಗೆ ಓಡಿಸಬೇಕು. ಆ ಕೆಲಸ ಮನುಷ್ಯನಿಗೆ ಎರಡು ಕಲಿಸುತ್ತದೆ: ಕನ್ನಡಿಯಲ್ಲಿ ಹಿಂದೆ ನೋಡುವುದು ಮತ್ತು ಎಲ್ಲರ ಮೇಲೂ ಸಂಶಯಪಡುವುದು. ಎರಡನೆಯದು ನನಗೆ ಹುಟ್ಟಿನಿಂದಲೇ ಬರುತ್ತಿತ್ತು.

ಮನೆಯಲ್ಲಿ ಮೂವರು. ನನ್ನ ಅಕ್ಕ ಕಮಲ, ಹೆಂಡತಿ ರತ್ನ, ನಾನು. ನಮ್ಮವರಲ್ಲಿ ಮನೆ ಹೆಣ್ಣಿನ ಕಡೆಯಿಂದ ಬರುವುದಾದ್ದರಿಂದ ತಾಯಿಯ ಕಾಲದ ನಂತರ ಅಕ್ಕನೇ ಯಜಮಾನಿ. ರತ್ನ ಮದುವೆಯಾಗಿ ಬಂದು ಎರಡು ವರ್ಷವಾಗಿರಲಿಲ್ಲ. ಅವಳು ಊರ ಹೊರಗಿನ ಗುಡ್ಡದ ಕಡೆಯವಳು. ಅಕ್ಕನಿಗೆ ಅವಳ ಮೇಲೆ ಕೋಪವೇನೂ ಇರಲಿಲ್ಲ. ಆದರೆ ನಾನು ಸಂಜೆ ಬಸ್ಸಿಳಿದು ನೇರ ಅಡುಗೆಮನೆಗೆ ಹೋದರೆ, "ಇವನಿಗೆ ಎಂತ ತಿನ್ನಿಸಿದ್ದೀಯಾ ಮಾರಾಯ್ತಿ, ಮೊದಲು ಹೀಗಿರಲಿಲ್ಲ" ಎನ್ನುತ್ತಿದ್ದಳು. ತಮಾಷೆಗೆ ಹೇಳಿದ ಮಾತು. ಆ ತಮಾಷೆ ನನ್ನೊಳಗೆ ಎಲ್ಲೋ ಕೂತಿತ್ತು.

ಆ ವರ್ಷ ಆಟಿಯ ಮಳೆ ಬಿಡದೆ ಹೊಯ್ಯುತ್ತಿತ್ತು. ಅಮಾವಾಸ್ಯೆಗೆ ಕೆಲವು ದಿನ ಮೊದಲು ನನಗೆ ಹೊಟ್ಟೆ ಕೆಟ್ಟು ಭೇದಿಯಾಯಿತು. ಎಲ್ಲಿ ಏನು ತಿಂದೆನೋ ಗೊತ್ತಿಲ್ಲ. ಹಬ್ಬದ ಬೆಳಿಗ್ಗೆಯ ಹೊತ್ತಿಗೆ ಹೊಟ್ಟೆ ಇನ್ನೂ ಪೂರ್ತಿ ಸರಿಯಾಗಿರಲಿಲ್ಲ. ರತ್ನಳ ಅಣ್ಣ ಬಾಬು ಅವರ ಗುಡ್ಡದಿಂದ ತೊಗಟೆ ತೆಗೆದು, ಗೋಣಿ ಹೊದ್ದುಕೊಂಡು, ನಸುಕಿನಲ್ಲೇ ನಮ್ಮ ಮನೆಗೆ ಬಂದ.

ಅಕ್ಕ ಜಗುಲಿಯಲ್ಲಿ ನಿಂತು ವಿಚಾರಣೆ ಮಾಡಿದಳು. "ಕತ್ತಿ ತಾಗಿಸಲಿಲ್ಲ ತಾನೆ?"

"ಕಲ್ಲಿನಲ್ಲೇ ಗುದ್ದಿ ತೆಗೆದದ್ದು ಕಮಲಕ್ಕ."

"ಮರ ಪಾಲೆಯದ್ದೇ ಅಲ್ವ? ಕತ್ತಲೆಯಲ್ಲಿ ಕಾಸರಕಕ್ಕೆ ಕೈ ಹಾಕಿದರೆ ನಮ್ಮ ಕತೆ ಮುಗೀತು."

"ನಿನ್ನೆ ಹಗಲೇ ಮರಕ್ಕೆ ಹಗ್ಗ ಕಟ್ಟಿ ಗುರುತು ಮಾಡಿದ್ದೆ. ಹಿಂದಿನವರು ಬಟ್ಟೆ ಬಿಚ್ಚಿಟ್ಟು ಹೋಗ್ತಿದ್ದರಂತೆ, ಅದೊಂದು ಮಾಡಲಿಲ್ಲ. ಈ ಮಳೆಗೆ ನನಗೆ ಶೀತ ಆದರೆ ನೀವು ಬರ್ತೀರಾ ಮದ್ದು ಅರೆಯಲಿಕ್ಕೆ?"

ಅಕ್ಕನಿಗೂ ನಗು ಬಂತು. ರತ್ನ ತೊಗಟೆ ಅರೆದು ರಸ ಹಿಂಡಿದಳು. ಬೆಂಕಿಯಲ್ಲಿ ಕೆಂಪಾಗಿದ್ದ ಬಿಳಿಕಲ್ಲನ್ನು ಪಾತ್ರೆಗೆ ಹಾಕಿದಾಗ ಚೊಯ್ಯೆಂದು ಹೊಗೆ ಎದ್ದಿತು. ಎಲ್ಲರಿಗೂ ಆ ಪಾತ್ರೆಯಿಂದಲೇ ಜಗುಲಿಯಲ್ಲಿ ಸುರಿದು ಕೊಟ್ಟಳು. ಅಕ್ಕ ಕುಡಿದಳು, ಬಾಬು ಕುಡಿದ, ಅವಳೂ ಕುಡಿದಳು. ನನಗೆ ಮಾತ್ರ ಒಳಗೆ ಹೋಗಿ ಬೇರೆ ಲೋಟದಲ್ಲಿ ತಂದಳು.

ಕುಡಿದೆ. ಕಹಿ ಇತ್ತು, ಜೊತೆಗೆ ಒಗರು. ಪ್ರತಿ ವರ್ಷದ ಕಹಿ ಅದಲ್ಲ ಅನ್ನಿಸಿತು. ಯಾರಿಗೂ ಹೇಳಲಿಲ್ಲ. ಆದರೆ ಕನ್ನಡಿಯಲ್ಲಿ ಕಂಡ ಬಸ್ಸಿನ ಹಾಗೆ ಆ ಲೋಟವನ್ನು ಮನಸ್ಸಿನಲ್ಲಿಟ್ಟುಕೊಂಡೆ.

ಸ್ವಲ್ಪ ದಿನದಲ್ಲೇ ಒಂದು ಬೆಳಿಗ್ಗೆ ಅಂಗಾಲಿನಲ್ಲಿ ಇರುವೆ ಹರಿದ ಹಾಗೆ ಆಯಿತು. ಒದ್ದೆ ಚಪ್ಪಲಿಯ ಕೆಲಸ ಎಂದುಕೊಂಡೆ. ಬಸ್ಸು ಹತ್ತಿ ಹೊರಟರೆ ಕ್ಲಚ್ಚು ಬೇರೆಯವರ ಬಸ್ಸಿನದ್ದರ ಹಾಗೆ ಇತ್ತು. ಒತ್ತಿದರೆ ಹೋಗುತ್ತದೋ ಇಲ್ಲವೋ ತಿಳಿಯದು. ಜ್ಯೋತಿ ಟಾಕೀಸು ದಾಟುವಾಗ ಗೇರು ಕಿರುಗುಟ್ಟಿತು. ಹಿಂದಿನಿಂದ ಕಂಡಕ್ಟರ್ ಉಮ್ಮರ್ ಕೂಗಿದ, "ಶೀನಣ್ಣ, ಎಂತ ಅದು? ಗೇರ್ ಡಬ್ಬ ಒಡೀಬೇಡಿ ಮಾರಾಯ್ರೆ, ನಮಗೆ ಇರುವುದು ಇದೊಂದೇ!"

ಹಂಪನಕಟ್ಟೆಯಲ್ಲಿ ಬಸ್ಸು ನಿಲ್ಲಿಸಿ ಮೆಕ್ಯಾನಿಕ್ಕಿನ ಕಾಲರ್ ಹಿಡಿದೆ. ಹಿಂದಿನ ಬಸ್ಸಿನವರು ಅವನಿಗೆ ಚಾ ಕುಡಿಸಿ ನಮ್ಮ ಕ್ಲಚ್ಚು ಸಡಿಲ ಮಾಡಿಸಿದ್ದಾರೆ ಎಂದು ನನಗೆ ಪೂರ್ತಿ ಖಾತ್ರಿಯಿತ್ತು. ಅವನು ಬಸ್ಸಿನ ಅಡಿಗೆ ನುಗ್ಗಿ ನೋಡಿ, ತಾನೇ ಸೀಟಿನಲ್ಲಿ ಕೂತು ಒತ್ತಿ ನೋಡಿದ. ಇಳಿದು ಬಂದು, "ಕ್ಲಚ್ಚು ಸರಿ ಉಂಟು ಶೀನಣ್ಣ. ನಿಮ್ಮ ಕಾಲು ತೋರಿಸಿ" ಎಂದ. ನಾನು ಅವನಿಗೆ ಬೈಯಲು ಮುಂದೆ ಹೆಜ್ಜೆ ಇಟ್ಟೆ. ಕಾಲು ಬರಲಿಲ್ಲ. ಅಲ್ಲೇ, ಜನರ ನಡುವೆ, ಮಳೆನೀರಿನಲ್ಲಿ ಕೂತುಬಿಟ್ಟೆ.

ಉಮ್ಮರ್ ನನ್ನನ್ನು ರಿಕ್ಷಾದಲ್ಲಿ ಹಾಕಿ ಫಳ್ನೀರಿನ ಒಂದು ಆಸ್ಪತ್ರೆಗೆ ಸೇರಿಸಿದ. ಸಂಜೆಗೆ ಮೊಣಕಾಲು ಹೋಯಿತು. ಮರುದಿನ ಸೊಂಟ, ಆಮೇಲೆ ಕೈ. ಯಾರೋ ಕೆಳಗಿನಿಂದ ಒಂದೊಂದೇ ಕೋಣೆಯ ದೀಪ ಆರಿಸುತ್ತಾ ಮೇಲೆ ಬರುತ್ತಿದ್ದ ಹಾಗೆ. ಕೊನೆಗೆ ಮುಖಕ್ಕೆ ಬಂತು. ನಾಲಗೆ ಹೊರಳಲಿಲ್ಲ, ನುಂಗಲು ಆಗಲಿಲ್ಲ. ಮೂಗಿನಿಂದ ಕೊಳವೆ ಹಾಕಿ ಗಂಜಿನೀರು ಬಿಟ್ಟರು. ಉಸಿರಿನ ಯಂತ್ರವನ್ನು ತಂದು ಮಂಚದ ಬಳಿ ನಿಲ್ಲಿಸಿದರು. ಅದನ್ನು ಹಾಕುವ ಹಂತಕ್ಕೆ ಹೋಗಲಿಲ್ಲ, ಆದರೆ ಅದು ಅಲ್ಲೇ ನಿಂತಿತ್ತು. ಕಿವಿ ಮಾತ್ರ ಪೂರ್ತಿ ಕೇಳುತ್ತಿತ್ತು. ಬುದ್ಧಿಯೂ ಸರಿಯಾಗಿತ್ತು. ಸರಿಯಾಗಿತ್ತು ಎಂದು ನಾನು ತಿಳಿದಿದ್ದೆ.

ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿದ ಮೇಲೆ ಡಾಕ್ಟರು ರತ್ನಳಿಗೂ ಅಕ್ಕನಿಗೂ ಹೇಳಿದ್ದನ್ನು ಮಲಗಿದಲ್ಲಿಂದ ಕೇಳಿದೆ. "ಇದು ನರದ ಕಾಯಿಲೆ. ಹೊಟ್ಟೆ ಕೆಟ್ಟಾಗ ರೋಗದ ಕ್ರಿಮಿಯನ್ನು ಹೊಡೀಲಿಕ್ಕೆ ಶರೀರ ಎದ್ದು ನಿಂತಿದೆ. ಆಮೇಲೆ ಶತ್ರು ಯಾರು, ತನ್ನವರು ಯಾರು ಅಂತ ಗೊತ್ತಾಗದೆ ತನ್ನ ನರವನ್ನೇ ಹೊಡೀತಾ ಉಂಟು. ಹೆಚ್ಚಿನವರಿಗೆ ಗುಣ ಆಗ್ತದೆ. ಹೇಗೆ ಹತ್ತಿತೋ ಹಾಗೇ ಇಳೀತದೆ, ಆದರೆ ನಿಧಾನ. ಅಲ್ಲಿವರೆಗೆ ಉಸಿರು ನೋಡಿಕೊಳ್ಳಬೇಕು. ಬಾಯಿಗೆ ಮಾತ್ರ ಒಂದು ತೊಟ್ಟು ನೀರೂ ಹಾಕಬೇಡಿ. ಶ್ವಾಸಕೋಶಕ್ಕೆ ಹೋಗ್ತದೆ."

ಅಕ್ಕ ಹೊರಗೆ ಹೋಗಿ ಯಾರಿಗೋ ಹೇಳುವುದು ಕೇಳಿಸಿತು. "ತನ್ನ ಶರೀರ ತನ್ನನ್ನೇ ಹೊಡೆಯುವುದುಂಟಾ? ಗೊತ್ತಾಗದಿದ್ದರೆ ಇವರು ಎಂತಾದರೂ ಹೇಳ್ತಾರೆ." ನನಗೂ ಹಾಗೇ ಕಂಡಿತು. ಶರೀರ ಅಷ್ಟು ದಡ್ಡನಾ? ಹೊರಗಿನವರು ಯಾರೋ ಏನೋ ಮಾಡಿರಬೇಕು. ಹಿಂದಿನ ಬಸ್ಸಿನವರನ್ನು ಯೋಚಿಸಿದೆ. ಮೆಕ್ಯಾನಿಕ್ಕನ್ನು ಯೋಚಿಸಿದೆ. ಉಮ್ಮರನನ್ನೂ ಬಿಡಲಿಲ್ಲ, ಅವನು ದಿನಾ ಬಂದು, "ಶೀನಣ್ಣ, ಹೊಸ ಡ್ರೈವರ್ ಬಸ್ಸನ್ನು ಎತ್ತಿನಗಾಡಿ ಮಾಡಿದ್ದಾನೆ, ಬೇಗ ಎದ್ದೇಳಿ" ಎಂದು ಕಣ್ಣೊರಸಿಕೊಳ್ಳುತ್ತಿದ್ದ. ಯಾರನ್ನು ಯೋಚಿಸಿದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಆ ಬೇರೆ ಲೋಟದ ಹತ್ತಿರ.

ಆ ಲೋಟ ಕೊಟ್ಟವಳು ನನ್ನ ಮಂಚದ ಕೆಳಗೆ ಚಾಪೆ ಹಾಸಿಕೊಂಡಿದ್ದಳು. ನನ್ನ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಕಣ್ಣು ಒಣಗಬಾರದೆಂದು ಒದ್ದೆ ಹತ್ತಿ ಇಡುತ್ತಿದ್ದಳು. ಹೊರಳಿಸಿ ಮಲಗಿಸುತ್ತಿದ್ದಳು, ಒರೆಸುತ್ತಿದ್ದಳು. ಕಣ್ಣುಗುಡ್ಡೆ ಮಾತ್ರ ಆಡುತ್ತದೆ ಎಂದು ಮೊದಲು ಕಂಡುಹಿಡಿದವಳೂ ಅವಳೇ. "ಹೌದಾದರೆ ಮೇಲೆ ಫ್ಯಾನ್ ನೋಡಿ. ಅಲ್ಲದಿದ್ದರೆ ಬಾಗಿಲು ನೋಡಿ. ಬೆನ್ನು ನೋವುಂಟಾ?" ನಾನು ಫ್ಯಾನ್ ನೋಡಿದೆ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಸುಮ್ಮಸುಮ್ಮನೆ ಕೇಳತೊಡಗಿದಳು. "ನಾನು ಚಂದ ಇದ್ದೇನಾ?" ಬಾಗಿಲು ನೋಡಿದೆ. "ಹಾಗಾದರೆ ಬುದ್ಧಿ ಸರಿ ಉಂಟು!" ಎಂದು ನಕ್ಕಳು. ಆಗ ನನಗೆ ಒಳಗೊಳಗೇ ನಗು ಬಂದದ್ದೂ ನಿಜ, ಇವಳು ನಗುವುದು ಯಾಕೆ ಎಂದು ಸಂಶಯ ಬಂದದ್ದೂ ನಿಜ.

ಒಂದು ಮಧ್ಯಾಹ್ನ ಅಕ್ಕ ಒಬ್ಬ ಮನುಷ್ಯನನ್ನು ಕರೆದುಕೊಂಡು ಬಂದಳು. ಯಾರಾದರೂ ಊಟದಲ್ಲಿ ಮದ್ದು ಹಾಕಿದ್ದರೆ ವಾಂತಿ ಮಾಡಿಸಿ ತೆಗೆಯುವವನಂತೆ. ಅವನು ನನ್ನ ಉಗುರು ನೋಡಿದ, ನಾಲಗೆ ನೋಡಿದ. "ಇದು ಕೈಮದ್ದೇ. ಹೆಣ್ಣಿನ ಕೈಯಿಂದ ಹೋದದ್ದು" ಎಂದ. ಅಕ್ಕ ಸೆರಗಿನೊಳಗಿಂದ ಬಾಟ್ಲಿ ತೆಗೆದಳು. ಹಸಿರು ರಸ. ನನ್ನ ತಲೆ ಎತ್ತಿ ಬಾಯಿಗೆ ಹಿಡಿಯಲು ಹೊರಟಾಗ ರತ್ನ ನೀರು ತರಲು ಹೋದವಳು ಬಾಗಿಲಿಗೆ ಬಂದಳು. ಕೊಡಪಾನ ಅಲ್ಲೇ ಬಿಟ್ಟು ಓಡಿ ಬಂದು ಬಾಟ್ಲಿ ಕಸಿದು ಕಿಟಕಿಯ ಹೊರಗೆ ಚೆಲ್ಲಿಬಿಟ್ಟಳು.

"ಬಾಯಿಗೆ ಹಾಕಿದರೆ ಸಾಯ್ತಾರೆ ಅಂತ ಡಾಕ್ಟರು ಹೇಳಲಿಲ್ವ ಅಕ್ಕ!"

ಆ ಮನುಷ್ಯ ಮೆಲ್ಲಗೆ, "ನೋಡಿದಿರಾ? ಹಾಕಿದವರು ತೆಗೀಲಿಕ್ಕೆ ಬಿಡುವುದಿಲ್ಲ" ಎಂದ.

ಅಕ್ಕ ನನ್ನ ಮುಖದ ಮೇಲೆ ಬಗ್ಗಿದಳು. ಅವಳ ಕಣ್ಣಲ್ಲಿ ನೀರಿತ್ತು. ತಮ್ಮ ಸಾಯುತ್ತಾನೆ ಎಂಬ ಹೆದರಿಕೆ, ಬೇರೇನೂ ಅಲ್ಲ. "ಶೀನ, ಫ್ಯಾನೋ ಬಾಗಿಲೋ, ನನಗೆ ಸತ್ಯ ಹೇಳು. ಇವಳು ನಿನಗೆ ಬೇರೆ ಎಂತಾದರೂ ಕೊಟ್ಟಿದ್ದಾಳಾ?"

ರತ್ನ ಮಂಚದ ಕಾಲಬುಡದಲ್ಲಿ ನಿಂತಿದ್ದಳು. ನಾನು ಅವಳ ಮುಖ ನೋಡಿದೆ. ಅವಳಿಗೆ ಹೆದರಿಕೆ ಇರಲಿಲ್ಲ. ನಾನು ಬಾಗಿಲು ನೋಡುತ್ತೇನೆ ಎಂದು ಅವಳಿಗೆ ಅಷ್ಟು ಧೈರ್ಯವಿತ್ತು.

ನಾನು ಫ್ಯಾನ್ ನೋಡಿದೆ.

ಅವಳೇ ಕಲಿಸಿದ ಮಾತು ಅದು. ಅವಳು ಒಂದು ಸಲ ಮೇಲೆ ತಿರುಗಿ ಫ್ಯಾನಿನ ಕಡೆ ನೋಡಿದಳು, ಅಲ್ಲಿ ನಾನು ನೋಡುವಂಥದ್ದು ಬೇರೇನಾದರೂ ಇದೆಯೋ ಎನ್ನುವ ಹಾಗೆ.

ಅಕ್ಕ ಅವಳನ್ನು ತವರಿಗೆ ಹೋಗೆಂದಳು. ಬಾಬುವಿಗೆ ಹೇಳಿ ಕಳುಹಿಸಿದಳು. ಅವನು ಬಂದು ಜಗಳ ಮಾಡಿದ. "ಆ ತೊಗಟೆಯನ್ನು ನಾವೆಲ್ಲ ಕುಡಿದಿದ್ದೇವಲ್ಲ! ನೀವು ಕುಡೀಲಿಲ್ವ ಕಮಲಕ್ಕ? ನಿಮ್ಮ ನಾಲಗೆಗೆ ಎಂತ ಆಗಿದೆ? ಇನ್ನೂ ಹೆಚ್ಚೇ ಆಡ್ತಾ ಉಂಟು!" ಆಮೇಲೆ ತಂಗಿಗೆ, "ನಡಿ ರತ್ನ, ಇಂಥವರ ಮಲ ಬಾಚುವುದು ಸಾಕು" ಎಂದ.

ಅವಳು ಹೋಗಲಿಲ್ಲ. "ಅವರಿಗೆ ಮಾತು ಬರಲಿ. ಬಾಯಿಬಿಟ್ಟು ಹೋಗು ಅಂದರೆ ಹೋಗ್ತೇನೆ" ಎಂದಳು. ಒದ್ದೆ ಹತ್ತಿ ಇಡುವುದು ನಿಲ್ಲಿಸಲಿಲ್ಲ. ಆದರೆ ಆಮೇಲೆ ನನ್ನನ್ನು ಫ್ಯಾನು ಬಾಗಿಲಿನ ಪ್ರಶ್ನೆ ಕೇಳಲಿಲ್ಲ. ಬೆನ್ನು ನೋವು ಎಂದು ಅವಳೇ ತಿಳಿದು ಹೊರಳಿಸುತ್ತಿದ್ದಳು.

ಮಳೆ ಕಡಿಮೆಯಾಗುತ್ತಾ ಬಂದ ಹಾಗೆ ಆರಿಸಿದ ದೀಪಗಳು ಮೇಲಿನಿಂದ ಕೆಳಗೆ ಹತ್ತತೊಡಗಿದವು. ಮೊದಲು ನುಂಗಲು ಬಂತು. ಆಮೇಲೆ ತುಟಿ. ಒಂದು ದಿನ ಗಂಟಲಿನಿಂದ ಸ್ವರ ಹೊರಟಿತು. ಆಗ ಕೋಣೆಯಲ್ಲಿ ನಾವಿಬ್ಬರೇ. ರತ್ನ ಮಂಚದ ಬದಿಗೆ ಬಂದು ಕೈ ಕಟ್ಟಿ ನಿಂತಳು. "ಮಾತು ಬಂತಲ್ಲ. ಹೇಳಿ."

ಸತ್ತು ಬದುಕಿದವನ ಬಾಯಿಯಿಂದ ಮೊದಲು ಬರಬೇಕಾದ ಮಾತು ಯಾವುದು ಎಂದು ಈಗ ನನಗೆ ಗೊತ್ತು. ಆಗ ನಾನು ತೊದಲಿ ತೊದಲಿ ಕೇಳಿದ್ದು ಇದು: "ಆ ದಿನ ನನಗೆ ಬೇರೆ ಲೋಟ ಯಾಕೆ?"

ಅವಳು ಕಟ್ಟಿದ ಕೈ ಬಿಟ್ಟಳು. "ನೀವು ಪಾಲೆ ಕುಡಿಯಲೇ ಇಲ್ಲ" ಎಂದಳು. "ನಿಮ್ಮ ಹೊಟ್ಟೆ ಸರಿ ಇರಲಿಲ್ಲ. ಅದು ಉಷ್ಣ, ಕುಡಿದರೆ ಮತ್ತೆ ಭೇದಿ ಆದೀತು ಅಂತ ಹೆದರಿಕೆ ಆಯಿತು. ಕೊಡುವುದಿಲ್ಲ ಅಂದರೆ ಅಕ್ಕ ಬಿಡ್ತಾರಾ? ಅದಕ್ಕೆ ದಾಳಿಂಬೆ ಸಿಪ್ಪೆ, ಓಮ, ಒಣಶುಂಠಿ ಕುದಿಸಿ ಕೊಟ್ಟೆ. ಬಣ್ಣಕ್ಕೆ ಬಣ್ಣ, ಕಹಿಗೆ ಕಹಿ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿದರೆ? ಪಾಲೆ ಕೊಡದೆ ಇದ್ದದ್ದಕ್ಕೇ ರೋಗ ಬಂತು ಅಂತಿದ್ದರು. ಕೊಟ್ಟರೂ ನಾನು, ಕೊಡದಿದ್ದರೂ ನಾನು. ಡಾಕ್ಟರಿಗೆ ಮೊದಲ ದಿನವೇ ಹೇಳಿದ್ದೇನೆ. ಬೇಕಾದರೆ ಕೇಳಿ."

ಅವಳು ಕೇಳಿ ಎಂದದ್ದಕ್ಕೆ ನಾನು ನಿಜವಾಗಿ ಕೇಳಿದೆ. ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರರನ್ನು ಬದಿಗೆ ಕರೆದು ಕೇಳಿದೆ. ಅವರು, "ದಾಳಿಂಬೆ ಸಿಪ್ಪೆ ತಾನೆ? ಹೌದು, ಹೇಳಿದ್ದಾರೆ. ಅದರಿಂದ ಎಂತ ಆಗ್ತದೆ? ಅವರು ಇಲ್ಲದಿದ್ದರೆ ನೀವು ಇರ್ತಿರಲಿಲ್ಲ" ಎಂದು ನನ್ನ ಬೆನ್ನು ತಟ್ಟಿದರು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಮೊದಲ ದಿನವೇ ಡಾಕ್ಟರಿಗೆ ಹೇಳಿ ಇಟ್ಟಿದ್ದಾಳೆ ಎಂದರೆ ಎಷ್ಟು ಜಾಣೆ ಇರಬೇಕು ಎಂದು ಯೋಚಿಸಿದೆ. ನಾನು ಹೋಗು ಎನ್ನಲಿಲ್ಲ. ಇರು ಎಂದೂ ಹೇಳಲಿಲ್ಲ. ಅವಳು ಇದ್ದಳು.

ಮನೆಗೆ ಬಂದ ಮೇಲೆ ಗೋಡೆ ಹಿಡಿದು ನಡೆಯಲು ಕಲಿತೆ. ಕೈಬೆರಳು ಲೋಟ ಹಿಡಿಯುತ್ತಿರಲಿಲ್ಲ. ತುಟಿಗೆ ಬಿಸಿ ತಿಳಿಯುತ್ತಿರಲಿಲ್ಲ. ಅದಕ್ಕೆ ರತ್ನ ನನ್ನ ಚಾವನ್ನು ತಾನು ಒಂದು ಗುಟುಕು ಕುಡಿದು, ಬಿಸಿ ನೋಡಿ, ಮತ್ತೆ ನನಗೆ ಕುಡಿಸುತ್ತಿದ್ದಳು. ತಿಂಗಳುಗಳು ಹೋದವು. ಬೆರಳು ಬಂತು, ತುಟಿಯ ಸ್ಪರ್ಶವೂ ಬಂತು. ಒಂದು ಬೆಳಿಗ್ಗೆ ಅವಳು ಚಾ ತಂದು, ಗುಟುಕು ಕುಡಿಯದೆ, ನೇರ ನನ್ನ ಕೈಗೆ ಕೊಟ್ಟಳು. "ಇನ್ನು ನಿಮಗೇ ಗೊತ್ತಾಗ್ತದಲ್ಲ" ಎಂದಳು.

ನಾನು ಲೋಟವನ್ನು ಜಗುಲಿಯ ದಂಡೆಯ ಮೇಲಿಟ್ಟೆ. ಕೈ ಮುಂದೆ ಹೋಗಲಿಲ್ಲ. ಈ ಸಲ ನರದ ದೋಷವಲ್ಲ. ಅವಳು ಬಟ್ಟೆ ಒಣಹಾಕಿ ಬಂದಾಗಲೂ ಚಾ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಅವಳಿಗೆ ತಿಳಿಯಿತು. ಒಳಗೆ ಒಯ್ದು ಬಿಸಿ ಮಾಡಿ ತಂದಳು. ನನ್ನ ಎದುರು ನಿಂತು, ನನ್ನ ಕಣ್ಣು ನೋಡುತ್ತಾ ಒಂದು ಗುಟುಕು ಕುಡಿದಳು. ನುಂಗಿದ್ದು ನನಗೆ ಕಾಣಲಿ ಎಂದು ಸ್ವಲ್ಪ ನಿಂತಳು. ಆಮೇಲೆ ಕೊಟ್ಟಳು. ನಾನು ಕುಡಿದೆ.

ಅಂದಿನಿಂದ ಅವಳು ನನಗೆ ಏನು ಕೊಟ್ಟರೂ ಮೊದಲು ಒಂದು ಗುಟುಕು ತಾನು ಕುಡಿದೇ ಕೊಟ್ಟಿದ್ದಾಳೆ. ಚಾ, ಮಜ್ಜಿಗೆ, ಗಂಜಿ. ಎರಡು ವರ್ಷದ ನಂತರ ನಾನು ಬಸ್ಸಿನ ಟಿಕೆಟ್ ತಪಾಸಣೆಯ ಕೆಲಸಕ್ಕೆ ಸೇರಿದೆ. ಎಂಬತ್ತರ ದಶಕವೆಲ್ಲ ಅದೇ ಕೆಲಸ, ಸಂಶಯಪಡುವುದಕ್ಕೇ ಸಂಬಳ. ಮಗಳು ಹುಟ್ಟಿ ಬೆಳೆದಳು. ಅವಳು ಸಣ್ಣವಳಿದ್ದಾಗ, "ಅಮ್ಮ ಯಾವಾಗಲೂ ಅಪ್ಪನ ಲೋಟ ಎಂಜಲು ಮಾಡ್ತಾರೆ" ಎಂದು ನಗುತ್ತಿದ್ದಳು. ನೋಡಿದವರು ಅದನ್ನು ಪ್ರೀತಿ ಎಂದುಕೊಂಡರು. ಅಕ್ಕ ಕೊನೆಗಾಲದಲ್ಲಿ ರತ್ನಳ ಕೈಯಿಂದಲೇ ಮದ್ದು ಕುಡಿದು, "ನನಗೆ ಯಾಕೆ ರುಚಿ ನೋಡಿ ಕೊಡುವುದಿಲ್ಲ?" ಎಂದು ಕೇಳಿದಳು. ರತ್ನ, "ನೀವು ಕೇಳಲಿಲ್ಲವಲ್ಲ ಅಕ್ಕ" ಎಂದಳು.

ನನ್ನ ಸಂಶಯ ಯಾವಾಗ ಹೋಯಿತೆಂದು ಹೇಳಲು ಬರುವುದಿಲ್ಲ. ಹಲ್ಲುನೋವು ಹೋಗುವ ಹಾಗೆ, ಇಲ್ಲ ಎಂದು ಒಂದು ದಿನ ಗೊತ್ತಾಯಿತು. ಅದು ಹೋಗಿ ಬಹಳ ವರ್ಷಗಳಾದವು. ಆದರೂ ನಾನು ಅವಳಿಗೆ ಬೇಡ ಎನ್ನಲಿಲ್ಲ. ಬೇಡ ಎಂದರೆ ಇಷ್ಟು ದಿನ ಯಾಕೆ ಬೇಕಿತ್ತು ಎಂದು ಹೇಳಬೇಕಾಗುತ್ತದೆ. ಒಂದು ಮಾತು ಆಡುವ ಕಷ್ಟಕ್ಕೆ ಹೆದರಿ ಒಬ್ಬಳ ಆಯುಷ್ಯವಿಡೀ ನನ್ನ ಲೋಟಕ್ಕೆ ಸಾಕ್ಷಿ ಹೇಳಿಸಿದೆ. ಫ್ಯಾನ್ ನೋಡಿದ್ದು ರೋಗದಲ್ಲಿ ಎಂದಾದರೂ ಹೇಳಿಕೊಳ್ಳಬಹುದು. ಇದನ್ನು ಮಾಡಿದ್ದು ಗಟ್ಟಿಮುಟ್ಟಾಗಿದ್ದಾಗ.

ಈ ಅಮಾವಾಸ್ಯೆಯ ಬೆಳಿಗ್ಗೆ ಆ ಬಾಟ್ಲಿ ಹಿಡಿದು ಮನೆಗೆ ಬಂದೆ. ರತ್ನ ಮೆಂತೆ ಗಂಜಿ ಇಟ್ಟಿದ್ದಳು. "ಎಲ್ಲಿ ಸಿಕ್ಕಿತು? ಪುಕ್ಕಟೆಯಾ?" ಎಂದು ಎರಡು ಲೋಟ ತಂದಳು. ಸುರಿದಳು. ಅಭ್ಯಾಸದಂತೆ ನನ್ನ ಲೋಟವನ್ನೇ ಮೊದಲು ಎತ್ತಿ ತುಟಿಯ ಹತ್ತಿರ ಒಯ್ದಳು.

ನಾನು ಅವಳ ಕೈ ಹಿಡಿದೆ. "ಬೇಡ. ರುಚಿ ನೋಡಬೇಡ. ಹಾಗೇ ಕೊಡು."

ಅವಳು ಲೋಟ ಬಿಡಲಿಲ್ಲ. ನನ್ನನ್ನು ನೋಡಿದಳು, ಬಾಟ್ಲಿಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಯಾಕೆ?" ಎಂದಳು. "ಎಂತ ಹಾಕಿದ್ದೀರಿ ಇದಕ್ಕೆ?"

ತಮಾಷೆಗೆ ಕೇಳಿದಳೋ, ನಿಜವಾಗಿ ಕೇಳಿದಳೋ, ಅವಳ ಮುಖದಲ್ಲಿ ಹುಡುಕಿದೆ. ತಿಳಿಯಲಿಲ್ಲ. ಏನೂ ಹಾಕಿಲ್ಲ ಎಂದು ಹೇಳಲು ಬಾಯಿ ತೆರೆದೆ. ಏನೂ ಹಾಕದವನು ಅದನ್ನು ಹೇಗೆ ತೋರಿಸಿಕೊಡುವುದು ಎಂದು ಹೊಳೆಯಲಿಲ್ಲ. ಅವಳ ಕೈಯಿಂದ ಲೋಟ ತೆಗೆದುಕೊಂಡು ಒಂದೇ ಉಸಿರಿಗೆ ಕುಡಿದೆ. ಗಂಟಲು ಕಹಿಯಾಗಿ ಕಣ್ಣಲ್ಲಿ ನೀರು ಬಂತು.

"ಆ ದಿನ ನಾನು ಬಾಗಿಲು ನೋಡಬೇಕಿತ್ತು ರತ್ನ" ಎಂದೆ.

ಅವಳು ತನ್ನ ಲೋಟ ಎತ್ತಿದಳು. ನಾನು ನುಂಗಿದ್ದು ಹೌದಾ ಎಂದು ನೋಡುವವಳ ಹಾಗೆ ಸ್ವಲ್ಪ ನಿಂತಳು. ಆಮೇಲೆ ಕುಡಿದಳು.